ಸಣ್ಣ ಕಿಟಕಿಯ ಮೇಲಿನ ಗಂಧ

"ದೀಪ ಎಷ್ಟು ಕಾಣ್ತದೆ ಮಾಮಿ? ಒಂದಾ, ಎರಡಾ?"

ಗೋದಾಬಾಯಿ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲಿಲ್ಲ. ಕೋಣೆಯ ಮೂಲೆಯಲ್ಲಿ, ನೆಲದ ಮೇಲೆ, ಎಣ್ಣೆಯ ದೀಪವೊಂದು ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಲೋಟ ನೀರು. ಎರಡೂ ಹೋದವರಿಗೆಂದು ಇಟ್ಟವು.

"ಒಂದೇ," ಎಂದರು.

"ನಂಗೂ ಒಂದೇ. ಎರಡು ಕಾಣ್ಬೇಕಿತ್ತು." ಬೇಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅವರು ಇರುವಾಗ ಯಾವತ್ತೂ ಎರಡು ಕಾಣ್ತಿತ್ತು. ಅವರ ಜೊತೆ ಇದೂ ಸತ್ತಿತು."

ಬೇಬಿಯ ಗಂಡ ಜಯಪ್ರಕಾಶ್ ವಿಜಯದಶಮಿಯ ಬೆಳಿಗ್ಗೆ, ಪ್ಯಾರೀಸ್ ಕಾರ್ನರ್ ಹತ್ತಿರದ ತಮ್ಮ ಹೋಟೆಲಿನ ತಾರಸಿಯಿಂದ ಬಿದ್ದು ತೀರಿಕೊಂಡಿದ್ದರು. ಫೋಟೋ ತೆಗೆಯುತ್ತ ಹಿಂದೆ ಸರಿದಾಗ ಕಾಲು ಜಾರಿತೆಂದು ಪೊಲೀಸರು ಬರೆದುಕೊಂಡು ಹೋಗಿದ್ದರು.

ಆದರೆ ಕ್ಯಾಮೆರಾ ಬಿದ್ದಿರಲಿಲ್ಲ. ಅದು ತಾರಸಿಯ ನೀರಿನ ತೊಟ್ಟಿಯ ಮೇಲೆ, ಯಾರೋ ಜೋಪಾನವಾಗಿ ಇಟ್ಟ ಹಾಗೆ, ಕುಳಿತಿತ್ತು.

ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದರಂತೆ. ಹಿಂಬದಿಯಲ್ಲಿ ಪರದೆ ಇಲ್ಲ, ಕಾರ್ಡು ಇಲ್ಲ. "ಇದರಲ್ಲಿ ಏನೂ ಇಲ್ಲಮ್ಮ, ಹಳೇ ಮಾಡೆಲು," ಎಂದು ವಾಪಸು ಕೊಟ್ಟಿದ್ದರು. ಒಂದು ಹೊಸ ಕಾರಿನ ಬೆಲೆಯ ಜರ್ಮನ್ ಕ್ಯಾಮೆರಾ ಆ ದಿನದಿಂದ ದೀಪದ ಎದುರಿನ ಕಪಾಟಿನಲ್ಲಿ ಕುಳಿತಿತ್ತು.

ಗೋದಾಬಾಯಿ ಪೊಲೀಸ್ ಪ್ರಯೋಗಾಲಯದ ಫೋಟೋ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಿರುವಲ್ಲಿಕ್ಕೇಣಿಯ ಅವರ ಮನೆಗೆ ಜಯಪ್ರಕಾಶ್ ಫಿಲಂ ತೊಳೆಯುವುದನ್ನು ಕಲಿಯಲು ಬರುತ್ತಿದ್ದರು. ಬರುವಾಗ ಹೋಟೆಲಿನ ಬಾದಾಮಿ ಹಲ್ವ ತರುತ್ತಿದ್ದರು. ಈಗ ಹೋಟೆಲಿನ ಮೇಲಿನ ಜಯಪ್ರಕಾಶರ ಮನೆಯಲ್ಲಿ ಗೋದಾಬಾಯಿ ಒಂದು ಹನಿ ನೀರನ್ನೂ ಮುಟ್ಟುವಂತಿರಲಿಲ್ಲ, ಸೂತಕ.

ಆ ದೀಪದ ಪರಿಚಯ ಅವರಿಗೆ ಚೆನ್ನಾಗಿತ್ತು. ಹೋದ ವರ್ಷ ಅವರ ಮನೆಯ ಮೂಲೆಯಲ್ಲೂ ಅದು ಉರಿದಿತ್ತು. ಪಿತೃಗಳ ಪಿಂಡದೊಂದಿಗೆ ಪಿಂಡ ಕೂಡಿಸುವ ಸಪಿಂಡಿ ಆಗುವವರೆಗೆ ಹೋದವರು ಹೋಗಿರುವುದಿಲ್ಲ. ಬಾಗಿಲ ಬಳಿ, ಮೆಟ್ಟಿಲ ಬಳಿ, ತಾವು ಕೂರುತ್ತಿದ್ದ ಜಾಗದ ಬಳಿ ನಿಂತಿರುತ್ತಾರೆ. ಲೋಟದ ನೀರು ದಿನದಿನವೂ ಸ್ವಲ್ಪ ತಗ್ಗುತ್ತದೆ. ಸೆಕೆಗೆ ಆರಿತೆಂದು ಹೇಳುವವರು ಹೇಳಲಿ.

"ನಾಳೆ ಸಪಿಂಡಿ," ಎಂದರು ಬೇಬಿ. "ನಮಗೆ ಗಂಡುಮಕ್ಕಳಿಲ್ಲ. ಇಷ್ಟು ದಿನ ಮೈದುನ ಸದಾನಂದನೇ ಪಿಂಡ ಇಟ್ಟದ್ದು. ಕಾಗೆ ಮುಟ್ಟಲಿಲ್ಲ ಮಾಮಿ. ಹಾರಿ ಬರ್ತದೆ, ಗೋಡೆ ಮೇಲೆ ಕೂತ್ಕೊಳ್ತದೆ, ಅವನ ಮುಖ ನೋಡ್ತದೆ, ಹೋಗ್ತದೆ. ಕಡೆಗೆ ಭಟ್ಟರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿದ್ರು."

"ಕಾಗೆ ಸಾಕ್ಷಿ ಕೋರ್ಟಿಗೆ ಆಗಲ್ಲ ಬೇಬಿ."

"ಕೋರ್ಟು ಯಾರಿಗೆ ಬೇಕು? ಅವರನ್ನು ದೂಡಿದ ಕೈಯೇ ನಾಳೆ ಪಿಂಡ ಕೂಡಿಸಿದ್ರೆ ಅವರು ಪಿತೃಗಳ ಹತ್ರ ಹೋಗುದು ಹೇಗೆ? ಇಲ್ಲಿಯೇ ನಿಲ್ತಾರೆ. ಈ ಮೂಲೆಯಲ್ಲಿ. ನಂಗೆ ನಾಳೆ ಒಳಗೆ ಗೊತ್ತಾಗ್ಬೇಕು, ಯಾರ ಕೈ ಅಂತ."

ಗೋದಾಬಾಯಿ ಮತ್ತೊಮ್ಮೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು.

ಈ ಜಾತಿಯ ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣುವುದು ಮಸೂರದಿಂದ ಬಂದ ನೋಟವಲ್ಲ. ಮೇಲಿನ ಒಂದು ಕಿಟಕಿಯ ನೋಟ. ಅದರ ನಡುವೆ ಒಂದು ಪುಟ್ಟ ಚೌಕವಿರುತ್ತದೆ. ಆ ಚೌಕದಲ್ಲಿ ಎದುರಿನ ಮನುಷ್ಯನ ಇನ್ನೊಂದು ರೂಪ, ಮಸುಕಾಗಿ, ಮೈಯಿಂದ ಹೊರಬಂದ ಜೀವದ ಹಾಗೆ, ಪಕ್ಕಕ್ಕೆ ಸರಿದು ನಿಂತಿರುತ್ತದೆ. ಮಸೂರದ ಬಳೆಯನ್ನು ತಿರುಗಿಸಿದರೆ ಆ ರೂಪ ಮೆಲ್ಲಗೆ ನಡೆದು ಬಂದು ಮನುಷ್ಯನೊಳಗೆ ಸೇರುತ್ತದೆ. ಎರಡೂ ಒಂದಾದಾಗ ದೂರ ಸರಿಯಾಯಿತೆಂದು ಅರ್ಥ. ಆಗ ಗುಂಡಿ ಒತ್ತಬೇಕು.

ಗೋದಾಬಾಯಿ ಬಳೆಯನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರು. ದೀಪ ಒಂದೇ ಆಗಿ ಉರಿಯಿತು.

ಆ ಎರಡನೆಯ ರೂಪ ಬರುವುದು ಇನ್ನೊಂದು ಕಿಟಕಿಯಿಂದ. ಮುಂಭಾಗದಲ್ಲಿ, ಮಸೂರದ ಮೇಲ್ಗಡೆ ಇರುವ ಸಣ್ಣ ಕಿಟಕಿ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು.

ಕ್ಯಾಮೆರಾವನ್ನು ತಿರುಗಿಸಿದರು. ಆ ಗಾಜಿನ ಮೇಲೆ ಒಣಗಿದ ಗಂಧ, ಗಂಧದ ಮೇಲೆ ಕುಂಕುಮ.

"ಇದು ಯಾರು ಹಚ್ಚಿದ್ದು?"

"ಆಯುಧಪೂಜೆಯ ಗಂಧ ಅಲ್ವಾ ಮಾಮಿ, ನಾನೇ. ರುಬ್ಬುವ ಮಿಷನ್ನಿಗೆ, ದೋಸೆ ಕಾವಲಿಗೆ, ಗಲ್ಲಾಕ್ಕೆ, ಇದಕ್ಕೆ, ಎಲ್ಲದಕ್ಕೂ ನಾನೇ ಹಚ್ಚುದು." ಬೇಬಿ ಹತ್ತಿರ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಅಲ್ಲ. ಇದು ನಾನು ಹಚ್ಚಿದ್ದಲ್ಲ."

"ನೀನು ಎಲ್ಲಿ ಹಚ್ಚಿದ್ದೆ?"

"ನೆತ್ತಿಯಲ್ಲಿ. ಇಲ್ಲಿ, ಈ ಅಕ್ಷರ ಕೊರೆದದ್ದು ಉಂಟಲ್ಲ, ಅದರ ಮೇಲೆ. ಮೊದಲನೇ ವರ್ಷ ಗಾಜಿಗೆ ಹಚ್ಚಿ ಬೈಸಿಕೊಂಡಿದ್ದೇನೆ. 'ನನ್ನ ಕಣ್ಣಿಗೆ ಗಂಧ ಮೆತ್ತಬೇಡ ಮಾರಾಯ್ತಿ, ನೆತ್ತಿಗೆ ಹಚ್ಚು' ಅಂದಿದ್ರು."

ಗೋದಾಬಾಯಿ ಚೀಲದಿಂದ ಭೂತಗನ್ನಡಿ ತೆಗೆದರು. ಕ್ಯಾಮೆರಾದ ಮೇಲ್ಭಾಗದ ಲೋಹ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಆದರೆ ಕೊರೆದ ಅಕ್ಷರಗಳ ಗೀರುಗಳೊಳಗೆ, ಬಟ್ಟೆ ಇಳಿಯಲಾರದ ಆಳದಲ್ಲಿ, ಬಿಳಿಯ ಗಂಧ ಉಳಿದಿತ್ತು. ಒಂದು ಅಕ್ಷರದ ಮೂಲೆಯಲ್ಲಿ ಕೆಂಪು ಚುಕ್ಕೆ.

"ಕೊಂಚ ಇಲ್ಲಿ ನೋಡು," ಎಂದು ಭೂತಗನ್ನಡಿಯನ್ನು ಬೇಬಿಯ ಕೈಗೆ ಕೊಟ್ಟರು. "ನಿನ್ನ ಗಂಧವನ್ನು ಯಾರೋ ಒರೆಸಿದ್ದಾರೆ. ಅದರ ಜೊತೆ ಬೆರಳ ಗುರುತನ್ನೆಲ್ಲ ಒರೆಸಿದ್ದಾರೆ. ಆಮೇಲೆ ಪೂಜೆಯ ಗುರುತು ಹೋಯಿತಲ್ಲ ಅಂತ ಗಾಬರಿಯಾಗಿ ಹೊಸದು ಹಚ್ಚಿದ್ದಾರೆ. ಜಾಗ ತಪ್ಪಿತು."

ಬೇಬಿ ಭೂತಗನ್ನಡಿಯನ್ನು ಅಕ್ಷರಗಳ ಮೇಲೆ ಹಿಡಿದು ಬಗ್ಗಿದರು.

"ಹೊರಗಿನ ಕಳ್ಳನಿಗೆ ಗಂಧ ಇದ್ದರೇನು, ಹೋದರೇನು? ಒರೆಸಿ ನಡೆದುಬಿಡ್ತಾನೆ. ಗಂಧ ಹೋದರೆ ಈ ಮನೆಯ ಹೆಂಗಸಿನ ಕಣ್ಣಿಗೆ ಬೀಳ್ತದೆ ಅಂತ ಗೊತ್ತಿದ್ದವರು, ಗಂಧ ಎಲ್ಲಿ ಸಿಗ್ತದೆ ಅಂತಲೂ ಗೊತ್ತಿದ್ದವರು, ಆ ದಿನ ಇಲ್ಲೇ ಇದ್ರು."

ಬೇಬಿ ಒಳಕೋಣೆಯ ಕಡೆಗೆ ನೋಡಿದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂಚದ ಮೇಲೆ ಮಗಳು ನಿಖಿತಾ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದಳು. ಫೋನಿನ ಬೆಳಕು ಅವಳ ಗಲ್ಲಕ್ಕೆ ಬಡಿಯುತ್ತಿತ್ತು. ಪೆರುಂಗುಡಿಯ ಆಫೀಸಿನಲ್ಲಿ ಕೆಲಸ. ವಿಜಯದಶಮಿಯ ದಿನವೂ ಬೆಳಿಗ್ಗೆಯೇ ಆಫೀಸಿಗೆ ಹೊರಟಿದ್ದಳು, ಸುದ್ದಿ ಕೇಳಿ ಓಡಿ ಬಂದಳು ಎಂದು ಬೇಬಿ ಹೇಳಿದ್ದರು. ಇಷ್ಟು ದಿನದಲ್ಲಿ ಒಮ್ಮೆಯೂ ಅತ್ತಿರಲಿಲ್ಲ.

"ನಿಖಿತಾ, ಅಪ್ಪನ ಕ್ಯಾಮೆರಾ ಯಾರಾದ್ರೂ ಮುಟ್ಟಿದ್ದು ನೋಡಿದ್ಯೇನಮ್ಮ?"

"ನಾನ್ ಆಫೀಸ್‌ಲ ಇರುಂದೇನ್, ಪಾಟಿ. ಎದುವುಂ ತೆರಿಯಾದು." ಆಫೀಸಿನಲ್ಲಿದ್ದೆ ಅಜ್ಜಿ, ಏನೂ ಗೊತ್ತಿಲ್ಲ. ತಲೆ ಎತ್ತದೆಯೇ ತಮಿಳಿನಲ್ಲಿ ಹೇಳಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿತು. ಹಳೆಯ ಕ್ಯಾಮೆರಾಗಳನ್ನು ಕೊಂಡು ಮಾರುವ, ಎರಡು ಬೀದಿ ಆಚೆಯ ಅಂಗಡಿಯ ಗುರುಚರಣ ಬಂದರು. ಬಳ್ಳಾರಿಯ ಕಡೆಯವರು. ಚಪ್ಪಲಿ ಬಿಟ್ಟು, ದೀಪಕ್ಕೆ ಕೈಮುಗಿದು, ಹೊಸ್ತಿಲಲ್ಲೇ ನಿಂತರು.

"ಸದಾನಂದಣ್ಣ ಕಳಿಸ್ಯಾರ್ರಿ. ಕ್ಯಾಮೆರಾ ಇವತ್ತ ಒಯ್ದುಬಿಡು ಅಂದ್ರು. ಹೋದವರ ಆಸೆ ಇದರ ಮ್ಯಾಲೆ ಐತಂತ, ನಾಳಿಗೆ ಇದು ಮನಿಯಾಗ ಇರಬಾರದಂತ."

ಬೇಬಿ ಗೋದಾಬಾಯಿಯ ಮುಖ ನೋಡಿದರು. ಮೈದುನನಿಗೆ ಅಷ್ಟೇನು ಅವಸರ?

"ತಗೊಂಡು ಹೋಗಿ," ಎಂದರು ಗೋದಾಬಾಯಿ. "ಅದಕ್ಕೆ ಮೊದಲು ಒಂದು ಸಲ ನೋಡಿಬಿಡಿ, ಎಲ್ಲ ಸರಿಯಾಗಿದ್ಯಾ ಅಂತ."

ಗುರುಚರಣ ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಂಭಾಗ ತಿರುಗಿಸಿದ್ದೇ ತಡ, ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ ಕೂಗಿದರು.

"ಅಯ್ಯೋ ನಿಮ್ಮ! ಯಾವ ಪುಣ್ಯಾತ್ಮರೀ ಗಾಜಿಗೆ ಗಂಧ ಮೆತ್ತಿದವ? ಇದು ಕಣ್ಣಲ್ಲೇನ್ರಿ! ಹಿಂಗ ಕೆರೆದರ ಗಾಜು ಹೋಗ್ತದ. ಜಯಪ್ರಕಾಶಣ್ಣ ಇದ್ದಿದ್ರ ಇವತ್ತೊಂದು ಕೊಲೆ..."

ಮಾತು ಅರ್ಧಕ್ಕೇ ನಿಂತಿತು. ಅವರು ನಾಲಿಗೆ ಕಚ್ಚಿಕೊಂಡರು.

ಗೋದಾಬಾಯಿ ಮನಸ್ಸಿನಲ್ಲೇ ಒಂದು ಹೆಸರನ್ನು ಹೊಡೆದುಹಾಕಿದರು. ಈ ಮನುಷ್ಯನ ಕೈ ಸತ್ತರೂ ಆ ಗಾಜಿನ ಮೇಲೆ ಗಂಧ ಇಡುವುದಿಲ್ಲ.

"ಒಂದು ಮಾತು ಕೇಳ್ತೀನಿ, ವ್ಯಾಪಾರಿಯ ಹಾಗೆ ಹೇಳಬೇಡಿ. ಇದು ಅಷ್ಟು ಬೆಲೆಗೆ ತಕ್ಕ ವಸ್ತುವೇನು?"

ಗುರುಚರಣ ನಕ್ಕರು. "ನಿಜ ಹೇಳ್ಲೇನ್ರಿ? ಇದು ದೂರದ್ದು ಹತ್ರ ತರಂಗಿಲ್ಲ. ಓಡೋ ಕೂಸಿನ್ನ ಹಿಡಿಯಂಗಿಲ್ಲ. ಫೋಕಸ್ ಕೈಯಾಗ ಮಾಡ್ಬೇಕು. ಆ ಹುಡುಗಿ ಕೈಯಾಗಿನ ಫೋನು ಇದಕ್ಕಿಂತ ಛಲೋ ತೆಗೀತದ. ಫೋಟೋ ಛಂದ ಬರ್ತಾವಂತ ಇದನ್ನ ತಗೊಂಡವ ಮೋಸ ಹೋದ ಅಂತ ತಿಳ್ಕೋರಿ. ಜಯಪ್ರಕಾಶಣ್ಣಗೂ ಬ್ಯಾಡ ಅಂತ್ಲೇ ಹೇಳಿದ್ದೆ."

"ಆದರೂ ಕೊಂಡ್ರು."

"ಕೊಂಡ್ರು. ಅವತ್ತು ಇದನ್ನ ಕಣ್ಣಿಗೆ ಹಿಡ್ಕೊಂಡು ನನ್ನ ಅಂಗಡಿ ಬಾಗಲದಾಗ ನಿಂತ್ರು. ಹೂವಿನವಳ್ನ ನೋಡಿದ್ರು, ಮೂಟೆ ಹೊರೋರ್ನ ನೋಡಿದ್ರು. ಒಂದೂ ಒತ್ತಲಿಲ್ಲ. ಆಮ್ಯಾಲ ಅಂದ್ರು: 'ಗುರುಚರಣ, ಇಷ್ಟು ವರ್ಷ ಗಲ್ಲಾದಲ್ಲಿ ಕೂತು ಜನರ ಕೈ ಮಾತ್ರ ನೋಡಿದೆ. ಇವತ್ತು ಮುಖ ನೋಡಿದೆ.' ಬೆಲಿ ಇಳಿಸು ಅಂತ ಒಂದು ಮಾತು ಕೇಳಲಿಲ್ರಿ."

ಬೇಬಿ ದೀಪದ ಕಡೆಗೆ ತಿರುಗಿಕೊಂಡರು.

ನಿಜ, ಎಂದುಕೊಂಡರು ಗೋದಾಬಾಯಿ. ಈ ಯಂತ್ರ ಚಿತ್ರವನ್ನು ಚಂದ ಮಾಡುವುದಿಲ್ಲ. ಮನುಷ್ಯನನ್ನು ಹತ್ತಿರ ಹೋಗಿ ನಿಲ್ಲುವಂತೆ ಮಾಡುತ್ತದೆ. ಎರಡು ಒಂದಾಗುವವರೆಗೆ ಕಾಯುವಂತೆ ಮಾಡುತ್ತದೆ. ಅದಕ್ಕೆ ಬೆಲೆ ಕಟ್ಟುವವರು ಯಾರು? ತಮ್ಮ ಯಜಮಾನರ ಮುಖವನ್ನು ಅಷ್ಟು ಹೊತ್ತು ನೋಡಿದ ನೆನಪು ಅವರಿಗೆ ಒಂದೇ ಇತ್ತು. ಅದು ಚಟ್ಟದ ಮೇಲಿನ ಮುಖ.

ಅವರು ಗುರುಚರಣರ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಅದರ ಮೇಲಿನ ಸಣ್ಣ ತಿರುಪನ್ನು ಬೆರಳಿಂದ ತಿರುಗಿಸಿದರು. ಒಳಗೆ ಏನೋ ಬಿಗಿಯಾಗಿ ಎಳೆಯಿತು.

"ಫಿಲಂ ಇದೆ," ಎಂದರು ಮೆಲ್ಲಗೆ. ಪೂರ್ತಿ ಸುತ್ತಿ, ತಳದ ಮುಚ್ಚಳ ತೆಗೆದು, ಸುರುಳಿಯನ್ನು ಗುರುಚರಣರ ಅಂಗೈಯಲ್ಲಿಟ್ಟರು. "ಇದನ್ನು ಈಗಲೇ ತೊಳೆದು ತನ್ನಿ. ಪ್ರಿಂಟು ಬೇಡ, ನೆಗೆಟಿವ್ ಸಾಕು. ಕೆಳಗೆ ಯಾರು ಕೇಳಿದರೂ ಕ್ಯಾಮೆರಾ ಸಾಯಂಕಾಲ ಒಯ್ತೀನಿ ಅಂತ ಮಾತ್ರ ಹೇಳಿ."

ಒಳಕೋಣೆಯಲ್ಲಿ ಫೋನಿನ ಬೆಳಕು ಆರಿತು.

ಸಾಯಂಕಾಲ ಗೋದಾಬಾಯಿ ಕ್ಯಾಮೆರಾವನ್ನು ಹಿಡಿದುಕೊಂಡು ಕೆಳಗಿನ ಹೋಟೆಲಿಗೆ ಇಳಿದರು.

ಬೀದಿಯ ಗದ್ದಲವೆಲ್ಲ ಷಟರಿನ ಆಚೆ ಇತ್ತು. ಈಚೆ, ಮೇಜುಗಳ ಮೇಲೆ ಕುರ್ಚಿಗಳು ಕಾಲು ಮೇಲೆ ಮಾಡಿ ಮಲಗಿದ್ದವು. ಕಾಫಿಯ ವಾಸನೆ ಗೋಡೆಯಲ್ಲಿ ಉಳಿದಿತ್ತು, ಕಾಫಿ ಇರಲಿಲ್ಲ. ಕೈತೊಳೆಯುವ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಗಲ್ಲಾದ ಹಿಂದೆ ಜಯಪ್ರಕಾಶ್ ಕುಳಿತಿದ್ದರು.

ಗೋದಾಬಾಯಿ ಮೆಟ್ಟಿಲ ಕೊನೆಯಲ್ಲೇ ನಿಂತುಬಿಟ್ಟರು. "ಹರಿ ಹರಿ," ಎಂದಿತು ನಾಲಿಗೆ.

"ಬನ್ನಿ ಮಾಮಿ," ಎಂದಿತು ಗಲ್ಲಾದ ಆಕೃತಿ. ಅದು ಸದಾನಂದ. ಕರ್ಮ ಹಿಡಿದವರೆಂದು ತಲೆ, ಮೀಸೆ ಬೋಳಿಸಿದ್ದರು. ಕೂದಲು ಹೋದ ಮೇಲೆ ಅಣ್ಣನ ಅಚ್ಚೇ ಹೊರಗೆ ಬಂದಿತ್ತು.

"ಗುರುಚರಣ ಇದನ್ನು ಒಯ್ಲಿಲ್ವಾ?"

"ಬರ್ತಾರೆ. ನಿಮಗೇನು ಇಷ್ಟು ಅವಸರ?"

"ಅವಸರ ಎಂತ? ಅನಿಷ್ಟ ಅದು. ಅದನ್ನು ತಂದ ದುಡ್ಡಿಗೆ ಕ್ರೋಂಪೇಟೆ ಸ್ಟೇಶನ್ ಎದುರು ಒಂದು ಬ್ರಾಂಚ್ ಆಗ್ತಿತ್ತು. ಅಡ್ವಾನ್ಸ್ ಕೊಡ್ಲಿಕ್ಕೆ ಹೋದವರು ಕ್ಯಾಮೆರಾ ಹಿಡ್ಕೊಂಡು ಬಂದ್ರು ಮಾರಾಯ್ರೆ! ಗಿರಾಕಿ ಬಿಲ್ಲು ಹಿಡ್ಕೊಂಡು ನಿಂತಿರ್ತಾನೆ, ಇವರು ಅವನ ಮೂಗಿಗೆ ಫೋಕಸ್ ಮಾಡ್ತಿರ್ತಾರೆ."

"ಅದಕ್ಕೆ ಜಗಳ ಆಯ್ತು."

"ಆಯ್ತು. ಅಣ್ಣ ತಮ್ಮ ಜಗಳ ಮಾಡದೆ ನೆರೆಮನೆಯವರು ಮಾಡ್ತಾರಾ?"

ಗೋದಾಬಾಯಿ ಒಂದು ಕುರ್ಚಿಯನ್ನು ಇಳಿಸಿಕೊಂಡು ಎದುರು ಕುಳಿತರು. ಕ್ಯಾಮೆರಾವನ್ನು ಗಲ್ಲಾದ ಮೇಲೆ, ಮುಂಭಾಗ ಸದಾನಂದರ ಕಡೆಗೆ ಮಾಡಿ ಇಟ್ಟರು. ಗಂಧದ ಕಿಟಕಿಯನ್ನು ಮಾತ್ರ ತಮ್ಮ ಕರವಸ್ತ್ರದ ತುದಿಯಿಂದ ಮುಚ್ಚಿ ಹಿಡಿದಿದ್ದರು. ಆಮೇಲೆ ಮುಚ್ಚಳವನ್ನು ಮಸೂರಕ್ಕೆ ಹಾಕುವವರ ಹಾಗೆ ಕೈ ಆಡಿಸುತ್ತ ಸಹಜವಾಗಿ ಕೇಳಿದರು.

"ನಾನು ಮನೆಯಲ್ಲಿ ಇಂಥದೇ ಒಂದು ಹಳೇದು ಇಟ್ಟಿದೀನಿ. ಬರೋ ವರ್ಷ ಅದಕ್ಕೂ ಪೂಜೆ ಮಾಡಬೇಕು. ಗಂಧ ಎಲ್ಲಿ ಇಡೋದು ಸದಾನಂದ? ನಿಮ್ಮಲ್ಲಿ ಹೇಗೆ ಪದ್ಧತಿ?"

"ಅದರಲ್ಲಿ ಪದ್ಧತಿ ಎಂತ ಉಂಟು?" ಸದಾನಂದ ಉಂಗುರ ಬೆರಳನ್ನು ಎತ್ತಿ ಮಸೂರದ ಮೇಲ್ಗಡೆಗೆ ತಂದರು. "ಇದು ಕಣ್ಣು. ಕಣ್ಣಿನ ಮೇಲೆ ಹಣೆ. ಇಲ್ಲಿ ಸಣ್ಣ ಬೊಟ್ಟಿನಷ್ಟು ಜಾಗ..."

ಗೋದಾಬಾಯಿ ಕರವಸ್ತ್ರ ಸರಿಸಿದರು.

ಬೆರಳು ಗಾಳಿಯಲ್ಲೇ ನಿಂತಿತು. ಅದರ ಕೆಳಗೆ, ಬೆರಳಿನಷ್ಟೇ ಅಗಲಕ್ಕೆ, ಒಣಗಿದ ಗಂಧ ಇತ್ತು.

"ಬೇಬಿ ನೆತ್ತಿಗೆ ಹಚ್ಚುತ್ತಾಳೆ," ಎಂದರು ಗೋದಾಬಾಯಿ. "ನಿಮ್ಮ ಅಣ್ಣ ಕಲಿಸಿದ್ದರು. ನಿಮಗೆ ಅದು ಗೊತ್ತಿರಲಿಲ್ಲ. ನೀವು ದೇವರಿಗೆ ಹಚ್ಚೋ ಹಾಗೆ ಹಣೆಗೆ ಹಚ್ಚಿದ್ರಿ."

ನಲ್ಲಿಯ ನೀರು ತೊಟ್ಟಿಕ್ಕಿತು. ಸದಾನಂದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು, ಅದರಲ್ಲಿ ಏನೂ ಇರಲಿಲ್ಲವಾದರೂ.

"ಒರೆಸಿದ್ದು ನಾನೇ," ಎಂದರು ಕೊನೆಗೆ. "ದೊಡ್ಡ ಶಬ್ದ ಕೇಳಿತು. ನಾನು ಇಲ್ಲಿ ಅಡುಗೆಮನೆಯಲ್ಲಿದ್ದೆ. ಜನ ಎಲ್ಲ ಬೀದಿಗೆ ಓಡಿದ್ರು, ನಾನು ಮೇಲೆ ಓಡಿದೆ. ತಾರಸಿಯಲ್ಲಿ ಯಾರೂ ಇಲ್ಲ. ಇದು ತೊಟ್ಟಿ ಮೇಲೆ ಕೂತಿತ್ತು. ಪಂಚೆಯಲ್ಲಿ ಒರೆಸಿದೆ. ಒರೆಸಿದ ಮೇಲೆ ನೋಡ್ತೇನೆ, ಅತ್ತಿಗೆ ಹಚ್ಚಿದ ಕುಂಕುಮ ಪಂಚೆಯಲ್ಲಿ ಉಂಟು, ರಕ್ತದ ಹಾಗೆ. ಹೋಟೆಲಿನ ದೇವರ ಹಲಗೆಯಿಂದ ಗಂಧ ತಂದು ಹಚ್ಚಿದೆ."

"ಯಾರೂ ಇರದ ತಾರಸಿಯಲ್ಲಿ ಯಾರ ಬೆರಳ ಗುರುತನ್ನು ಒರೆಸಿದಿರಿ?"

ಸದಾನಂದ ಗಲ್ಲಾದ ಡ್ರಾಯರನ್ನು ಎಳೆದು ಮತ್ತೆ ಮುಚ್ಚಿದರು.

"ಅಣ್ಣ ಬೀದಿಯಲ್ಲಿ ಬಿದ್ದಿದಾರೆ. ನೀವು ಅವರ ಹತ್ತಿರ ಹೋಗಲಿಲ್ಲ. ಕ್ಯಾಮೆರಾ ಒರೆಸುತ್ತ ನಿಂತ್ರಿ. ಅಷ್ಟು ದೊಡ್ಡ ಕಾರಣ ಯಾವುದು?"

"ನನ್ನ ಮೇಲೆಯೇ ಇರ್ಲಿ ಮಾಮಿ. ಪೊಲೀಸಿಗೆ ಹೇಳ್ತೀರಾ, ಹೇಳಿ. ನಾನೇ ದೂಡಿದೆ ಅಂತ ಬರ್ಕೊಳ್ಳಿ. ಅದರ ಆಚೆಗೆ ಕೇಳ್ಬೇಡಿ."

"ನೀನೇ ದೂಡಿದ್ದಾ ಸದಾನಂದ?"

ಮೆಟ್ಟಿಲ ತಿರುವಿನಲ್ಲಿ ಬೇಬಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಕೈ ಗೋಡೆಯನ್ನು ಹಿಡಿದಿತ್ತು.

"ಅತ್ತಿಗೆ, ನೀವು ಮೇಲೆ ಹೋಗಿ."

"ನನ್ನ ಮುಖ ನೋಡಿ ಹೇಳು. ನೀನು ದೂಡಿದ್ದು ಹೌದಾದ್ರೆ ಹೌದು ಅಂತ ಹೇಳು. ಇಷ್ಟು ದಿನ ಅವರ ಹೆಸರು, ಗೋತ್ರ ಹೇಳಿ ಅನ್ನ ಇಟ್ಟವ ನೀನು."

ಸದಾನಂದ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಬೇಬಿ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಅವರ ಸ್ವರದಲ್ಲಿ ಕೋಪ ಇರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು.

"ನಾಳೆ ನೀನು ಕೂರುದು ಬೇಡ. ಭಟ್ಟರಿಗೆ ಫೋನ್ ಮಾಡಿ ನಾನೇ ಹೇಳ್ತೇನೆ. ಗಂಡುದಿಕ್ಕಿಲ್ಲದ ಮನೆಯಲ್ಲಿ ಮಗಳು ಮಾಡಿದ್ದುಂಟು ಅಂತ ಅವರೇ ಮೊನ್ನೆ ಹೇಳಿದ್ರು. ನಿಖಿತಾ ಮಾಡ್ತಾಳೆ. ಅವಳ ಕೈ ಶುದ್ಧ ಉಂಟು."

"ಬೇಡ ಅತ್ತಿಗೆ!"

ಸದಾನಂದ ಎದ್ದ ರಭಸಕ್ಕೆ ಹಿಂದಿನ ಸ್ಟೂಲು ಉರುಳಿತು. ಖಾಲಿ ಹೋಟೆಲಿನಲ್ಲಿ ಅದರ ಸದ್ದು ಸುತ್ತಿ ಸುತ್ತಿ ಬಂತು.

"ಅವಳಿಂದ ಮಾಡಿಸ್ಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ. ಯಾರನ್ನಾದ್ರೂ ಕರೀರಿ, ಊರಿಂದ ದಾಯಾದಿ ಬರ್ಲಿ. ಅವಳು ಬೇಡ."

"ಎಂತಕ್ಕೆ ಬೇಡ?"

ಆಗ ಷಟರನ್ನು ಯಾರೋ ತಟ್ಟಿದರು. ಮೂವರೂ ಬೆಚ್ಚಿದರು. ಗೋದಾಬಾಯಿ ಎದ್ದು ಹೋಗಿ ಸ್ವಲ್ಪ ಎತ್ತಿದರು. ಗುರುಚರಣ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಉದ್ದನೆಯ ಕಾಗದದ ಮಡಿಕೆ.

"ಪೂರಾ ಒಣಗಿಲ್ಲ, ಅಂಚು ಹಿಡೀರಿ," ಎಂದು ಗೋದಾಬಾಯಿಗೆ ಕೊಟ್ಟರು. ಯಾರ ಮುಖವನ್ನೂ ನೋಡಲಿಲ್ಲ. "ಕಡೀ ಚಿತ್ರ ನೋಡ್ರಿ. ನಾ ಅಂಗಡಿ ಬಾಗಲ ಹಾಕಿ ಬಂದೇನಿ, ಹೋಗ್ತೀನಿ." ಬಂದ ಹಾಗೆಯೇ ಹೊರಟುಹೋದರು. ಕ್ಯಾಮೆರಾವನ್ನು ಕೇಳಲೂ ಇಲ್ಲ.

ಗೋದಾಬಾಯಿ ಫಿಲಮ್ಮಿನ ಪಟ್ಟಿಯನ್ನು ಟ್ಯೂಬ್‌ಲೈಟಿನ ಎದುರು ಹಿಡಿದರು.

ನೆಗೆಟಿವಿನಲ್ಲಿ ಲೋಕ ತಿರುವುಮುರುವು. ಆಕಾಶ ಕಪ್ಪು, ನೆರಳು ಬಿಳಿ. ಮನುಷ್ಯರ ಮುಖ ಇದ್ದಿಲು, ಕೂದಲು ಬೂದಿ. ಪ್ರಯೋಗಾಲಯದಲ್ಲಿ ಹೊಸಬರು ಇದನ್ನು ನೋಡಿ ಹೆದರುತ್ತಿದ್ದರು. ಗೋದಾಬಾಯಿಗೆ ಅದು ಓದಿ ಓದಿ ಬಾಯಿಪಾಠವಾದ ಲಿಪಿ.

ಮೊದಲು ಹೋಟೆಲಿನ ಜನ. ತಟ್ಟೆ ಒರೆಸುವವರು, ಚಟ್ನಿ ಬಡಿಸುವವರು, ದೋಸೆ ಕಾವಲಿಯ ಮುಂದೆ ಬೆವರು ಒರೆಸಿಕೊಳ್ಳುವ ಮಾಣಿ. ಎಲ್ಲರೂ ಇಷ್ಟು ಹತ್ತಿರ, ಇಷ್ಟು ಸ್ಪಷ್ಟ, ತಾವು ಮುಖ್ಯರೆಂದು ಆ ಒಂದು ಗಳಿಗೆ ತಿಳಿದವರ ಹಾಗೆ.

ಆಮೇಲೆ ತಾರಸಿ. ನೀರಿನ ತೊಟ್ಟಿಗೆ ಹಬ್ಬಕ್ಕೆಂದು ಕಟ್ಟಿದ ಬಾಳೆಗಿಡ.

ಕೊನೆಯ ಚಿತ್ರದಲ್ಲಿ ಒಬ್ಬಳು ಹೆಂಗಸು. ತೊಟ್ಟಿಗೆ ಬೆನ್ನು. ಅಂಗೈಯನ್ನು ಮುಂದಕ್ಕೆ ಚಾಚಿ ಕ್ಯಾಮೆರಾವನ್ನು ಹಿಡಿಯಲು ಬರುತ್ತಿದ್ದಳು. ಕೈ ಮಸುಕು. ಮುಖ ಮಾತ್ರ ಸೂಜಿಯಿಂದ ಬರೆದ ಹಾಗೆ. ಬಾಯಿ ತೆರೆದಿತ್ತು.

ಗೋದಾಬಾಯಿ ಆ ಮುಖವನ್ನು ಗುರುತಿಸಿದರು. ಪಟ್ಟಿಯನ್ನು ಕೆಳಗಿಳಿಸಿದರು.

"ಯಾರು ಮಾಮಿ?"

ಸದಾನಂದ ಕೈಮುಗಿದು, ಬೇಬಿಗೆ ಕಾಣದಂತೆ, ತಲೆ ಅಲ್ಲಾಡಿಸುತ್ತಿದ್ದರು. ಹೇಳಬೇಡಿ, ಹೇಳಬೇಡಿ.

ಸುಳ್ಳು ಹೇಳಿ ಗೋದಾಬಾಯಿಗೆ ಅಭ್ಯಾಸವಿರಲಿಲ್ಲ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಅವರು ಸುತ್ತಿ ಬಳಸಿ ಕೇಳಿದರು. "ಬೇಬಿ, ದೊಡ್ಡ ದೊಡ್ಡ ಚೌಕುಳಿಯ ಸೀರೆ, ಅಗಲ ಅಂಚು. ಅದು ನಿನ್ನದಾ?"

"ನನ್ನದಲ್ಲ. ದಸರಾಕ್ಕೆ ಅಂತ ನಿಖಿತಾಗೆ ತಂದದ್ದು. ಆ ದಿನ ಬೆಳಿಗ್ಗೆ ನಾನೇ ನೆರಿಗೆ ಹಿಡಿದು ಉಡಿಸಿ ಆಫೀಸಿಗೆ ಕಳಿಸಿದ್ದು. ಆಮೇಲೆ ಅವಳು ಅದನ್ನು ಮುಟ್ಟಲೇ..."

ಬೇಬಿ ನಿಲ್ಲಿಸಿದರು. ನಿಧಾನವಾಗಿ ಮೈದುನನ ಕಡೆಗೆ ತಿರುಗಿದರು. ಬೀದಿಯಲ್ಲಿ ಯಾವುದೋ ಲಾರಿ ಹಾರ್ನ್ ಮಾಡಿ ಹೋಯಿತು.

"ಅದಕ್ಕೆ ಒರೆಸಿದ್ದಾ?" ಎಂದು ಕೇಳಿದರು.

ಸದಾನಂದ ಗಲ್ಲಾಕ್ಕೆ ಒರಗಿ ಅಳತೊಡಗಿದರು. ಅಣ್ಣ ಸತ್ತ ದಿನದಿಂದ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

"ಅಮ್ಮಾ."

ನಿಖಿತಾ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಬರಿಗಾಲು. ಯಾವಾಗ ಇಳಿದು ಬಂದಳೋ, ಸಪ್ಪಳವೇ ಆಗಿರಲಿಲ್ಲ.

ಬೇಬಿ ಮಗಳ ಹತ್ತಿರ ಹೋಗಿ ಅವಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಗುವಿನ ಕೈ ನೋಡುವವರ ಹಾಗೆ ಅಂಗೈ ಬಿಡಿಸಿ ನೋಡಿದರು.

"ನಾಳೆ ಅಪ್ಪನಿಗೆ ನೀನು ಪಿಂಡ ಇಡ್ತಿಯಲ್ಲ ಮಗಾ? ಇಡ್ತೇನೆ ಅಂತ ಹೇಳು. ಅಷ್ಟು ಹೇಳಿದ್ರೆ ಸಾಕು, ಬೇರೆ ಎಂತದೂ ಕೇಳುದಿಲ್ಲ ನಾನು."

ನಿಖಿತಾ ಕೈಯನ್ನು ಬಿಡಿಸಿಕೊಂಡಳು. "ಎನ್ ಕೈ ವೇಂಡಾಂ, ಅಮ್ಮಾ." ನನ್ನ ಕೈ ಬೇಡ.

ಬೇಬಿ ಕುಸಿದು ಮೆಟ್ಟಿಲ ಮೇಲೆ ಕುಳಿತರು.

ಹುಡುಗಿ ಅವರನ್ನು ಎತ್ತಲು ಬಗ್ಗಲಿಲ್ಲ. ಗೋದಾಬಾಯಿಯ ಕೈಯಲ್ಲಿ ತೂಗುತ್ತಿದ್ದ ಫಿಲಂ ಪಟ್ಟಿಯನ್ನು ಒಮ್ಮೆ ನೋಡಿದಳು. ಆಮೇಲೆ ಅಳುತ್ತಿದ್ದ ಬೋಳುತಲೆಯನ್ನು ನೋಡಿದಳು.

"ನಾನು ಮೇಲೆ ಹೋಗಿದ್ದೆ, ಪಾಟಿ. ಅಪ್ಪನ ಜೊತೆ ಜಗಳ ಆಡಿದೆ. ಕ್ಯಾಮೆರಾ ಕಿತ್ಕೊಂಡು ತೊಟ್ಟಿ ಮೇಲೆ ಇಟ್ಟಿದ್ದು ನಾನೇ. ಅಪ್ಪನ್ನ ತಳ್ಳಿದ್ದೂ ನಾನೇ. ಅಪ್ಪ ಗೋಡೆಗೆ ಬಡಿದ್ರು. ಆದ್ರೆ ಬೀಳ್ಲಿಲ್ಲ."

ಸದಾನಂದರ ಅಳು ನಿಂತಿತು.

"ನಾನು ಅಳ್ತಾ ಇಳಿದು ಬರ್ತಿದ್ದೆ. ಚಿಕ್ಕಪ್ಪ ಹತ್ತಿ ಬರ್ತಿದ್ರು. ಮೆಟ್ಟಿಲಲ್ಲೇ ನನ್ನ ದಾಟಿ ಹೋದ್ರು." ಅವಳ ಸ್ವರ ಒಂದಿಷ್ಟೂ ಏರಲಿಲ್ಲ. "ಆಗ ಇನ್ನೂ ಯಾವ ಶಬ್ದವೂ ಆಗಿರ್ಲಿಲ್ಲ, ಪಾಟಿ. ಆಗ ಅಪ್ಪ ನಿಂತೇ ಇದ್ರು."